ಎರೆ ಹೊಲದ ಇಲಿ, ಗವಿಯ ಗೂಬೆ, ಹಳೆಯ ಮಳೆ

ಗವಿಯ ಪದರಗಳಲ್ಲಿ ಸಿಗುವ ಇಲಿಯಂಥ ಚಿಕ್ಕ ಪ್ರಾಣಿಗಳ ಹಲ್ಲು ನೋಡಿ ಆ ಕಾಲದ ಮಳೆ, ಹವೆ ಹೇಗಿತ್ತು ಎಂದು ಊಹಿಸುವ ಒಂದು ಕ್ರಮವಿದೆ. ಆದರೆ ಬಿಲ್ಲಸುರ್ಗಂ ಗವಿಗಳ ಪ್ರಾಣಿಪಟ್ಟಿ ಕಣ್ಣಿಗೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ ಕಾಡುತ್ತದೆ. ಬಳ್ಳಾರಿಯಿಂದ ಪೂರ್ವಕ್ಕೆ, ಕರ್ನೂಲು ಸೀಮೆಯ ಬೇತಂಚರ್ಲದ ಹತ್ತಿರ ಇರುವ ಸುಣ್ಣಕಲ್ಲಿನ ಗವಿಗಳಿವು. ಸಂಗನಕಲ್ಲಿನ ಸುತ್ತ ಕಲ್ಲಿನ ಆಯುಧಗಳನ್ನು ಹುಡುಕಿದ ರಾಬರ್ಟ್ ಬ್ರೂಸ್ ಫೂಟ್ ಅವರೇ ತಮ್ಮ ಮಗ ಹೆನ್ರಿಯ ಜೊತೆ 1884-85ರಲ್ಲಿ ಇಲ್ಲಿ ಅಗೆಸಿದರು. ಸಿಕ್ಕ ಮೂಳೆಗಳನ್ನು ರಿಚರ್ಡ್ ಲೈಡೆಕರ್ 1886ರಲ್ಲಿ ವಿವರಿಸಿದರು. ಅದಾಗಿ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಹೊಸದಾಗಿ ಅಗೆದು, ಪದರಗಳಿಗೆ ಕಾಲ ಕಟ್ಟಿ, 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಕನಿಷ್ಠ ಒಂದು ಲಕ್ಷ ವರ್ಷಗಳಿಂದ, ಕೆಲವಂತೂ ಎರಡು ಲಕ್ಷ ವರ್ಷಗಳಿಂದ ಇಂದಿನವರೆಗೆ ಉಳಿದುಬಂದಿವೆ ಎಂಬುದು ಅದರ ಸಾರ. ಅಳಿಯದೆ ಉಳಿದವುಗಳ ಬಗ್ಗೆ ಇದು ನಿಜಕ್ಕೂ ಸಂತೋಷದ ಸುದ್ದಿ. ಆದರೆ ಇಷ್ಟು ದೀರ್ಘ ಕಾಲದಲ್ಲಿ ಹಿಮಯುಗಗಳು ಬಂದು ಹೋಗಿವೆ, ಮುಂಗಾರು ಸೊರಗಿ ಮತ್ತೆ ತುಂಬಿಕೊಂಡಿದೆ; ಅರಬ್ಬೀ ಸಮುದ್ರದ ತಳದ ಕೆಸರೇ ಅದಕ್ಕೆ ಸಾಕ್ಷಿ. ಮಳೆ ಇಷ್ಟು ಏರಿಳಿದಿದ್ದರೂ ಪ್ರಾಣಿಪಟ್ಟಿ ಕದಲಲಿಲ್ಲ ಎಂದಾದರೆ, ಪಟ್ಟಿ ನೋಡಿ ಹಳೆಯ ಹವೆ ಹೇಳುತ್ತೇವೆ ಎನ್ನುವ ಮಾತಿಗೆ ಅರ್ಥವೇನು?

ಯುರೋಪಿನಲ್ಲಿ ಈ ಪ್ರಶ್ನೆ ಇಷ್ಟು ಕಾಡುವುದಿಲ್ಲ. ಅಲ್ಲಿ ಚಳಿ ಏರಿದಾಗ ಲೆಮಿಂಗ್ ಎಂಬ ಶೀತ ಸೀಮೆಯ ಇಲಿಗಳು ದಕ್ಷಿಣಕ್ಕೆ ಇಳಿಯುತ್ತವೆ, ಬೆಚ್ಚಗಾದಾಗ ಕಾಡಿನ ಇಲಿ ಮತ್ತು ಡೋರ್‌ಮೌಸ್‌ಗಳು ಮರಳುತ್ತವೆ. ವೋಲ್ ಎಂಬ ಹುಲ್ಲಿಲಿಗಳ ಹಲ್ಲು ಎಷ್ಟು ಬೇಗ ರೂಪ ಬದಲಿಸುತ್ತದೆ ಎಂದರೆ, ಬೇರಿರುವ ಹಲ್ಲಿನ ಮಿಮೊಮಿಸ್ ಹೋಗಿ ಬೇರಿಲ್ಲದ, ಸದಾ ಬೆಳೆಯುವ ಹಲ್ಲಿನ ಆರ್ವಿಕೋಲ ಬಂದುದನ್ನೇ ಗಡಿಯಾರದಂತೆ ಬಳಸಿ ಪದರದ ವಯಸ್ಸು ಹೇಳುತ್ತಾರೆ. ದಖ್ಖನದಲ್ಲಿ ಅಂಥ ಅನುಕೂಲವಿಲ್ಲ. ಇಲ್ಲಿ ಪ್ರಾಣಿಯನ್ನು ತಡೆದು ನಿಲ್ಲಿಸುವುದು ಚಳಿಯಲ್ಲ, ನೀರು. ಅದೂ ಅಲ್ಲದೆ ನಮ್ಮ ಇಲಿಗಳು ಬಹಳ ಸಹಿಷ್ಣು. ಜೆರ್ಬಿಲ್ ಎಂಬ ಬಯಲಿನ ಇಲಿ ಸಿರಿಯಾದಿಂದ ಶ್ರೀಲಂಕಾದವರೆಗೆ ಹಬ್ಬಿದೆ. ಪೊದೆ ಇಲಿ ಗೊಲುಂಡ ಇರಾನಿನ ಅಂಚಿನಿಂದ ಶ್ರೀಲಂಕಾದ ಬೆಟ್ಟಗಳವರೆಗೆ ಇದೆ. ಗವಿಯಲ್ಲಿ ಗೊಲುಂಡದ ಹಲ್ಲು ಸಿಕ್ಕಿತು ಎಂದರೆ, ಆ ಕಾಲದ ಹವೆ ಬಲೂಚಿಸ್ತಾನಕ್ಕೂ ನುವಾರ ಎಲಿಯಕ್ಕೂ ನಡುವೆ ಎಲ್ಲೋ ಇತ್ತು ಎಂದಷ್ಟೇ ಹೇಳಿದಂತೆ.

ಪಟ್ಟಿ ಏನೂ ಹೇಳದಿದ್ದಾಗ ಉಳಿಯುವುದು ಪ್ರಮಾಣ. ಯಾವ ಇಲಿ ಇತ್ತು ಎನ್ನುವುದನ್ನು ಬಿಟ್ಟು, ಎಷ್ಟಿತ್ತು ಎಂದು ಕೇಳಬೇಕು. ಪ್ರಮಾಣ ಮಳೆಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎನ್ನುವುದಕ್ಕೆ ಅತ್ಯುತ್ತಮ ದಾಖಲೆ ಪ್ರಯೋಗಾಲಯದಿಂದ ಬಂದದ್ದಲ್ಲ, ಧಾರವಾಡ ಸೀಮೆಯ ಎರೆ ಹೊಲದಿಂದ ಬಂದದ್ದು.

1826ರ ಮುಂಗಾರು

1824ರ ಕಿತ್ತೂರು ಕದನದಲ್ಲಿ ಸೆರೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಆ ಹೆಸರನ್ನು ನಾವು ಚೆನ್ನಮ್ಮನ ಕಥೆಯಲ್ಲಿ ಓದಿ ಅಲ್ಲಿಗೇ ಬಿಡುತ್ತೇವೆ. ಪ್ರಾಣಿಶಾಸ್ತ್ರದಲ್ಲಿ ಅದೇ ಎಲಿಯಟ್ ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದವರು, ಅದರಲ್ಲಿ ಸ್ಥಳೀಯರು ಕರೆಯುವ ಹೆಸರುಗಳನ್ನೂ ಬರೆದಿಟ್ಟವರು. ಪೊದೆ ಇಲಿಗೆ ಅವರು ಕೇಳಿ ಬರೆದುಕೊಂಡ ಕನ್ನಡ ಹೆಸರು ಗುಲಾಂಡಿ. ಗೊಲುಂಡ ಎಲಿಯಟಿ ಎಂಬ ವೈಜ್ಞಾನಿಕ ಹೆಸರಿನ ಎರಡೂ ತುಂಡು ಅಲ್ಲಿಂದಲೇ ಬಂದಿವೆ. ಮೃದು ಕೂದಲಿನ ಹೊಲದ ಇಲಿಯನ್ನು ಮಣ್ಣು ಕೆಲಸದ ವಡ್ಡರು ಮೆಟ್ಟಾಡೆ ಎನ್ನುತ್ತಿದ್ದರು. ಅದೇ ಇಂದಿನ ಮಿಲಾರ್ಡಿಯ ಮೆಲ್ಟಾಡ. ಎರಡಕ್ಕೂ ಮೊದಲ ಮಾದರಿ ಸಿಕ್ಕ ಊರು ಎಂದು ದಾಖಲಾಗಿರುವುದು ಧಾರವಾಡ.

ಮೆಟ್ಟಾಡೆಯ ಬಗ್ಗೆ ಎಲಿಯಟ್ ಬರೆದ ಒಂದು ಪುಟ ಹವಾಮಾನ ಓದುವವರಿಗೆ ಬಹಳ ಬೆಲೆಯುಳ್ಳದ್ದು. ಈ ಇಲಿ ಆಳವಾದ ಬಿಲ ತೋಡುವುದಿಲ್ಲ. ಪೊದೆಯ ಬುಡದಲ್ಲಿ ಒರಟಾಗಿ ಒಂದು ತೂತು, ಹೊಲದಲ್ಲಿ ಆರಿಸಿ ಒಟ್ಟಿದ ಕಲ್ಲುಗುಪ್ಪೆ, ಕೋಕ್ ಎಂಬ ಬಿಲ ತೋಡುವ ಇಲಿ ಬಿಟ್ಟುಹೋದ ಬಿಲ, ಇಲ್ಲವೇ ಬೇಸಿಗೆಯಲ್ಲಿ ಎರೆ ಬಾಯಿ ಬಿಟ್ಟಾಗ ಆಗುವ ಬಿರುಕು, ಇಷ್ಟರಲ್ಲೇ ಅದರ ಸಂಸಾರ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಎರೆ ಉಬ್ಬುತ್ತದೆ, ಬಿರುಕು ಕೂಡಿಕೊಳ್ಳುತ್ತದೆ, ಒಳಗಿದ್ದವು ಅಲ್ಲೇ ಸಾಯುತ್ತವೆ. ವರ್ಷವರ್ಷವೂ ಹೀಗೆ ಲೆಕ್ಕವಿಲ್ಲದಷ್ಟು ಸಾಯುತ್ತಿದ್ದವು. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಮೆಟ್ಟಾಡೆ ಸಾಯಲಿಲ್ಲ. ಅವು ಎಷ್ಟು ಹೆಚ್ಚಿದವೆಂದರೆ ಬಿತ್ತಿದ ಬೀಜವನ್ನು ಬಿತ್ತಿದ ಹಾಗೇ ತಿಂದವು, ಉಳಿದ ಜೋಳ ಹಾಲುಗಾಳು ಕಟ್ಟಿ ಬಲಿಯುವ ಹೊತ್ತಿಗೆ ದಂಟು ಹತ್ತಿ ತೆನೆ ಕತ್ತರಿಸಿ ಬೀಳಿಸಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ವಡ್ಡರನ್ನು ಕರೆಸಿದರು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದದ್ದು ಕಾಣಲಿಲ್ಲ.

ಇದರಲ್ಲಿ ಕಾರಣ ಇದೆ, ಮಣ್ಣು ಇದೆ, ಕಾಲ ಇದೆ. ಎರೆ ಮಣ್ಣಿನ ಸೀಮೆಯಲ್ಲಿ ಮೆಟ್ಟಾಡೆಯ ಪಾಲು ಏರಿದರೆ ಮುಂಗಾರಿನ ಮೊದಲ ಹದ ತಪ್ಪಿತ್ತು ಎಂದು ಊಹಿಸಲು ಇಷ್ಟು ಗಟ್ಟಿ ಆಧಾರ ಇನ್ನೊಂದು ಬೇಕಿಲ್ಲ. ಆದರೆ ಒಂದು ಎಚ್ಚರವೂ ಇಲ್ಲೇ ಇದೆ: ಇದು ವರ್ಷದ ಒಟ್ಟು ಮಳೆಯ ಲೆಕ್ಕವಲ್ಲ, ಮೊದಲ ಕೆಲವು ವಾರಗಳ ಲೆಕ್ಕ. ಜೂನ್ ಒಣಗಿ ಸೆಪ್ಟೆಂಬರ್ ಸುರಿದ ವರ್ಷದಲ್ಲೂ ಇಲಿ ಹೆಚ್ಚಬಹುದು. ಪ್ರಾಣಿ ಸ್ಪಂದಿಸುವುದು ತನ್ನ ಬದುಕಿನ ನಾಜೂಕಾದ ಗಳಿಗೆಗೆ. ಮಳೆಮಾಪಕದಲ್ಲಿ ಬೀಳುವ ವಾರ್ಷಿಕ ಸರಾಸರಿ ಅದಕ್ಕೆ ಸಂಬಂಧವಿಲ್ಲದ ವಿಷಯ. ಪಳೆಯುಳಿಕೆಯ ಲೆಕ್ಕವನ್ನು ನೇರವಾಗಿ ಮಿಲಿಮೀಟರಿಗೆ ತಿರುಗಿಸುವಾಗ ಮೊದಲು ತಪ್ಪುವುದು ಇದೇ.

ಅರ್ಧ ಮಿಲಿಮೀಟರಿನ ಮಾತು

ಪ್ರಮಾಣವನ್ನು ನಂಬಬೇಕಾದರೆ ಮಣ್ಣು ತೊಳೆಯುವ ಕೆಲಸ ಸರಿಯಾಗಿರಬೇಕು. ಗವಿಯ ಮಣ್ಣನ್ನು ಒಂದು ಮೀಟರ್ ಚೌಕಗಳಲ್ಲಿ, ಪದರದ ಗಡಿ ದಾಟದಂತೆ, 5 ಸೆಂಟಿಮೀಟರ್ ಹಂತಗಳಲ್ಲಿ ಕೆರೆದು ಚೀಲಕ್ಕೆ ತುಂಬುತ್ತಾರೆ. ಚೌಕ, ಪದರ, ಆಳ ಬರೆದ ಎರಡು ಚೀಟಿ, ಒಂದು ಒಳಗೆ, ಒಂದು ಹೊರಗೆ. ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿ ನೀರು ತಾಗಿದರೆ ಹರಡುತ್ತದೆ. ಮುಂದಿನ ಹೆಜ್ಜೆಯಲ್ಲಿ ಆತುರ ಮಾಡಿ ಕೆಡಿಸಿಕೊಳ್ಳುವವರೇ ಹೆಚ್ಚು. ಹಸಿ ಜೇಡಿಯನ್ನು ಹಾಗೇ ನೀರಿಗೆ ಹಾಕಿದರೆ ಅದು ದಿನಗಟ್ಟಲೆ ಉಂಡೆಯಾಗಿಯೇ ಇರುತ್ತದೆ, ಆಮೇಲೆ ಕೈಯಲ್ಲಿ ಹಿಸುಕಬೇಕಾಗುತ್ತದೆ, ಹಿಸುಕಿದರೆ ದವಡೆ ಮುರಿಯುತ್ತದೆ. ಅದರ ಬದಲು ನೆರಳಿನಲ್ಲಿ ಪೂರ್ತಿ ಒಣಗಿಸಿ ಆಮೇಲೆ ನೀರಿಗೆ ಬಿಟ್ಟರೆ ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದು ಹೆಂಟೆ ತಾನಾಗಿಯೇ ಕುಸಿಯುತ್ತದೆ. ಜಿಗುಟು ಹೆಚ್ಚಿದ್ದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸ್ವಲ್ಪ ಸೇರಿಸಿದರೆ ಸಾಕು.

ಆಮೇಲೆ ಜರಡಿ. ಒಂದರ ಕೆಳಗೊಂದು, 5, 1 ಮತ್ತು 0.5 ಮಿಲಿಮೀಟರ್. ಕೊಳವೆಯ ನೀರನ್ನು ಜೋರಾಗಿ ಬಿಡಬಾರದು. ತೊಟ್ಟಿಯಲ್ಲಿ ಜರಡಿ ಮುಳುಗಿಸಿ ಅಕ್ಕಿ ಗಾಲಿಸಿದ ಹಾಗೆ ಮೆಲ್ಲಗೆ ಆಡಿಸಬೇಕು. ಮೂರನೆಯ ಜರಡಿ ನಿಧಾನ, ಬೇಗ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಅದನ್ನು ಬಿಟ್ಟುಬಿಡುವ ಆಸೆ ಬರುತ್ತದೆ. ಬಿಟ್ಟರೆ ಏನಾಗುತ್ತದೆ ನೋಡಿ. ಮನೆಯ ಚಿಟ್ಟಿಲಿಯ ಕೊನೆಯ ದವಡೆ ಹಲ್ಲು ಒಂದು ಮಿಲಿಮೀಟರಿಗೂ ಕಡಿಮೆ, ರಾಗಿ ಕಾಳಿಗಿಂತ ಚಿಕ್ಕದು. ದಕ್ಷಿಣ ಭಾರತದಲ್ಲೂ ಇರುವ ಪುಟಾಣಿ ಎಟ್ರಸ್ಕನ್ ಸುಂಡಿಲಿ ಇಡಿಯಾಗಿ ತೂಗುವುದೇ ಸುಮಾರು 2 ಗ್ರಾಂ. ಅದರ ಹಲ್ಲುಗಳು 1 ಮಿಲಿಮೀಟರ್ ಜರಡಿಯಿಂದ ನೀರಿನ ಜೊತೆ ಇಳಿದುಹೋಗುತ್ತವೆ. ಹೆಗ್ಗಣದ ಹಲ್ಲು ಮಾತ್ರ ಭದ್ರವಾಗಿ ಉಳಿಯುತ್ತದೆ. ಕೆಳಗಿನ ಪದರಗಳನ್ನು ಒಂದು ವರ್ಷ 1 ಮಿಲಿಮೀಟರಿನಲ್ಲಿ, ಮೇಲಿನವನ್ನು ಇನ್ನೊಂದು ವರ್ಷ 0.5 ಮಿಲಿಮೀಟರಿನಲ್ಲಿ ತೊಳೆದರೆ, ಸುಂಡಿಲಿಗಳು ಒಮ್ಮೆಲೇ ಹೆಚ್ಚಿದಂತೆ ಕಾಣುತ್ತದೆ. ಸುಂಡಿಲಿ ಕೀಟ ತಿನ್ನುವ ಪ್ರಾಣಿ, ತೇವವಿದ್ದರೆ ಅದಕ್ಕೆ ಹಿತ. ಹೀಗೆ ಜರಡಿ ಬದಲಾದದ್ದೇ ಮಳೆ ಹೆಚ್ಚಾದದ್ದು ಎಂದು ಬರೆಯಲ್ಪಡುತ್ತದೆ. ಇನ್ನೊಂದು ಸಣ್ಣ ಎಚ್ಚರ: ಒಂದು ಚೀಲ ಮುಗಿದ ಮೇಲೆ ಜರಡಿಯನ್ನು ಬೆಳಕಿಗೆ ಹಿಡಿದು ನೋಡದಿದ್ದರೆ, ಜರಡಿಯ ತೂತಿಗೆ ಸಿಕ್ಕಿಕೊಂಡ ಹಲ್ಲು ಮುಂದಿನ ಚೀಲಕ್ಕೆ ಸೇರಿ ಸಾವಿರಾರು ವರ್ಷ ಹಾರಿಬಿಡುತ್ತದೆ.

ಗವಿಯ ಮಣ್ಣು ಸುಣ್ಣದಿಂದ ಕಲ್ಲಾಗಿದ್ದರೆ ನೀರು ಸಾಲದು. 5ರಿಂದ 10 ಶೇಕಡಾ ಅಸಿಟಿಕ್ ಆಮ್ಲದಲ್ಲಿ, ಮೂಳೆ ಕರಗದಂತೆ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿ, ತುಂಡನ್ನು ಮುಳುಗಿಸಿಡಬೇಕು. ಆಮ್ಲದಲ್ಲಿ ಇದ್ದಷ್ಟು ಹೊತ್ತಿಗಿಂತ ಹೆಚ್ಚು ಹೊತ್ತು ಶುದ್ಧ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಒಳಗೆ ಉಳಿದ ಲವಣ ಹರಳುಗಟ್ಟಿ ಹಲ್ಲನ್ನು ಒಡೆಯುತ್ತದೆ. ಆಮ್ಲ ಸ್ವಲ್ಪ ಹೆಚ್ಚು ಗಟ್ಟಿಯಾದರೆ ಇನ್ನೂ ದೊಡ್ಡ ಅನಾಹುತವಿದೆ, ಅದು ಮುಂದಿನ ಮಾತಿಗೆ ಸೇರಿದ್ದು.

ನಡುವೆ ಕೂತಿರುವ ಗೂಬೆ

ಗವಿಯಲ್ಲಿ ಸಾವಿರಾರು ಇಲಿ ಹಲ್ಲು ಒಂದೇ ಕಡೆ ಸೇರಲು ಇಲಿಗಳೇನೂ ಅಲ್ಲಿಗೆ ಬಂದು ಸಾಯಲಿಲ್ಲ. ಹೆಚ್ಚಿನ ಕಡೆ ಗೂಬೆ ತಂದು ಹಾಕಿದೆ. ಕಣಜ ಗೂಬೆ ರಾತ್ರಿಗೆ ಮೂರು ನಾಲ್ಕು ಚಿಕ್ಕ ಪ್ರಾಣಿಗಳನ್ನು ಇಡಿಯಾಗಿ ನುಂಗುತ್ತದೆ, ಕೂದಲು ಮತ್ತು ಮೂಳೆಯನ್ನು ಉಂಡೆ ಮಾಡಿ ಬಾಯಿಂದಲೇ ಹೊರಹಾಕುತ್ತದೆ. ಹೀಗೆ ಒಂದು ಹಕ್ಕಿಯಿಂದ ವರ್ಷಕ್ಕೆ ಸಾವಿರದಷ್ಟು ಇಲಿಗಳ ದವಡೆ ಗವಿಯ ನೆಲಕ್ಕೆ ಬೀಳುತ್ತದೆ. ಹಾಗಾಗಿ ನಮ್ಮ ಕೈಗೆ ಸಿಗುವುದು ಆ ಸೀಮೆಯ ಇಲಿಗಣತಿಯಲ್ಲ, ಗೂಬೆಯ ಊಟದ ಲೆಕ್ಕ. ಯಾವ ಗೂಬೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಕಣಜ ಗೂಬೆ ಬಯಲಿನ ಮೇಲೆ ತೇಲುತ್ತ ಚಿಕ್ಕದನ್ನು ಹಿಡಿಯುತ್ತದೆ. ಬಂಡೆಯ ಮೇಲೆ ಕೂರುವ ದೊಡ್ಡ ಕೊಂಬಿನ ಗೂಬೆ ಹೆಗ್ಗಣ, ಮೊಲದ ಮರಿಯವರೆಗೂ ಹೋಗುತ್ತದೆ. ಒಂದು ಗೂಬೆ ಬಿಟ್ಟುಹೋದ ಗವಿಗೆ ಇನ್ನೊಂದು ಬಂದರೆ ಹೆಗ್ಗಣದ ಪಾಲು ಒಮ್ಮೆಲೇ ಏರುತ್ತದೆ, ಹೊರಗೆ ಒಂದು ಹನಿ ಮಳೆಯೂ ಹೆಚ್ಚು ಕಡಿಮೆಯಾಗದೆ.

ಆದ್ದರಿಂದ ಪ್ರತಿ ಪದರದಲ್ಲೂ ಮೊದಲು ಬಾಡಿಗೆದಾರ ಯಾರು ಎಂದು ತಿಳಿಯಬೇಕು. ಇದಕ್ಕೆ ಬ್ರಿಟಿಷ್ ವಿಜ್ಞಾನಿ ಪೀಟರ್ ಆಂಡ್ರೂಸ್ 1990ರಲ್ಲಿ ಕೊಟ್ಟ ಅಳತೆಗೋಲು ಇವತ್ತಿಗೂ ನಡೆಯುತ್ತದೆ. ಹೊಟ್ಟೆಯ ಆಮ್ಲ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲನ್ನು ಎಷ್ಟು ತಿಂದಿದೆ ಎಂದು ನೋಡುವುದು. ಕಣಜ ಗೂಬೆಯ ಹೊಟ್ಟೆ ಮೃದು: ದವಡೆ ಹಲ್ಲುಗಳಲ್ಲಿ ಹೆಚ್ಚೆಂದರೆ ನೂರಕ್ಕೆ 3, ಬಾಚಿಹಲ್ಲುಗಳಲ್ಲಿ 8ರಿಂದ 13 ಮಾತ್ರ ಕರಗಿದ ಗುರುತು ತೋರಿಸುತ್ತವೆ. ಹಲ್ಲನ್ನು ಇನ್ನೂ ಹೆಚ್ಚು ಕರಗಿಸುವ, ಆಂಡ್ರೂಸ್ ಮೂರನೆಯ ವರ್ಗಕ್ಕೆ ಸೇರಿಸಿದ ಬೇಟೆಗಾರರಲ್ಲಿ ಇದು ದವಡೆ ಹಲ್ಲಿಗೆ 18ರಿಂದ 22, ಬಾಚಿಹಲ್ಲಿಗೆ 50ರಿಂದ 70. ನರಿಯಂಥ ಪ್ರಾಣಿಯ ಮಲದಿಂದ ಬಂದ ಹಲ್ಲಾದರೆ ಬಾಚಿಹಲ್ಲು ಒಂದೂ ಹಾಳಾಗದೆ ಉಳಿದಿರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇದು ಸ್ಪಷ್ಟ ಕಾಣುತ್ತದೆ. ಆರೋಗ್ಯವಂತ ಹಲ್ಲಿನ ಏಣುಗಳು ಚೂಪಾಗಿ ಹೊಳೆಯುತ್ತವೆ. ಜೀರ್ಣವಾದದ್ದರಲ್ಲಿ ಏಣಿನ ಎನಾಮಲ್ ಮೊದಲು ಮಂಕಾಗಿ, ಆಮೇಲೆ ಗುಂಡಾಗಿ, ಕೊನೆಗೆ ಸಿಪ್ಪೆ ಸುಲಿದಂತೆ ಹೋಗಿ ಒಳಗಿನ ಹಳದಿ ಡೆಂಟಿನ್ ಬಾಯಿ ತೆರೆದುಕೊಳ್ಳುತ್ತದೆ. ಕಲ್ಲಾದ ಮಣ್ಣಿಗೆ ಆಮ್ಲ ಗಟ್ಟಿಯಾಗಬಾರದು ಎಂದದ್ದು ಇದಕ್ಕೇ. ಪ್ರಯೋಗಾಲಯದ ಆಮ್ಲ ಮಾಡುವ ಗಾಯವೂ ಹೊಟ್ಟೆಯ ಆಮ್ಲ ಮಾಡುವ ಗಾಯದಂತೆಯೇ ಕಾಣುತ್ತದೆ, ಕಣಜ ಗೂಬೆಯ ಪದರ ಕೊಂಬಿನ ಗೂಬೆಯ ಪದರವಾಗಿ ಓದಿಸಿಕೊಳ್ಳುತ್ತದೆ. ವ್ಯತ್ಯಾಸ ತಿಳಿಯಲು ಒಂದು ಉಪಾಯ: ದವಡೆಯೊಳಗೆ ಮುಚ್ಚಿಕೊಂಡಿದ್ದ ಬಾಚಿಹಲ್ಲಿನ ಬುಡ ನೋಡಿ. ಹೊಟ್ಟೆಯಲ್ಲಿ ತುದಿ ಕರಗಿ ಬುಡ ಉಳಿಯುತ್ತದೆ, ತೊಟ್ಟಿಯಲ್ಲಿ ಒಡೆದ ಮೇಲೆ ಕರಗಿದ್ದು ಎಲ್ಲ ಕಡೆ ಒಂದೇ ಸಮ ಇರುತ್ತದೆ.

ಗವಿಯೊಳಗೆ ಬಿಲ ತೋಡುವವರೂ ಇದ್ದಾರೆ. ಮುಳ್ಳುಹಂದಿ, ಹೆಗ್ಗಣ. ಇವು ಮೇಲಿನ ಹಲ್ಲನ್ನು ಕೆಳಗೆ, ಕೆಳಗಿನದ್ದನ್ನು ಮೇಲೆ ತಳ್ಳುತ್ತವೆ. ಮ್ಯಾಂಗನೀಸ್ ಹತ್ತಿ ಕಪ್ಪಾದ ಹಲ್ಲುಗಳ ನಡುವೆ ಬೆಳ್ಳಗಿನ ಒಂದು ಹಲ್ಲು ಕಂಡರೆ ಅದನ್ನು ಪಕ್ಕಕ್ಕಿಡುವುದೇ ವಿವೇಕ.

ಎಣಿಕೆ

ತೊಳೆದು ಒಣಗಿಸಿದ ಕಸವನ್ನು ಚೌಕ ಗೀಟು ಹಾಕಿದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹತ್ತು ಪಟ್ಟು ದೊಡ್ಡದು ಮಾಡಿ ನೋಡುತ್ತ, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಹಲ್ಲು ಎತ್ತುವುದು ನಿಧಾನದ ಕೆಲಸ. ಗುರುತಿಸುವಾಗ ಬಾಚಿಹಲ್ಲನ್ನು ನಂಬಲಾಗದು: ಮುಂಭಾಗದಲ್ಲಿ ಉದ್ದ ಗೀರು ಇರುವ ಮೇಲಿನ ಬಾಚಿಹಲ್ಲು ಜೆರ್ಬಿಲ್‌ಗೂ ಇದೆ, ಗೊಲುಂಡಕ್ಕೂ ಇದೆ. ದವಡೆ ಹಲ್ಲಿಗೇ ಹೋಗಬೇಕು. ಜೆರ್ಬಿಲ್‌ನದು ಅಡ್ಡ ಪಟ್ಟಿಗಳ ಸಾಲು, ಹೆಗ್ಗಣದ್ದು ಒತ್ತಾಗಿ ಜೋಡಿಸಿದ ಹಲಗೆಗಳಂತೆ ಎತ್ತರ, ಚಿಟ್ಟಿಲಿಯ ಮೊದಲ ಹಲ್ಲು ಮುಂದಕ್ಕೆ ಚಾಚಿ ಉದ್ದ. ಮುದಿ ಪ್ರಾಣಿಯಾದರೆ ಉಬ್ಬುಗಳೆಲ್ಲ ಸವೆದು ಮೆಟ್ಟಾಡೆಗೂ ಸಾಮಾನ್ಯ ಇಲಿಗೂ ವ್ಯತ್ಯಾಸ ಸಿಗುವುದಿಲ್ಲ. ಅಂಥವನ್ನು ಬರೀ ‘ಇಲಿ’ ಎಂದು ಬರೆದು ಮುಂದೆ ಹೋಗಬೇಕು, ಊಹಿಸಿ ಹೆಸರು ಕೊಡಬಾರದು.

ಸಿಕ್ಕ ಹಲ್ಲನ್ನೆಲ್ಲ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇಲಿಗೆ ಒಟ್ಟು 16 ಹಲ್ಲು, ಮನೆಯ ಸುಂಡಿಲಿಗೆ 30. ತಲೆಗೆ ಇಷ್ಟು ವ್ಯತ್ಯಾಸ ಇರುವಾಗ ಹಲ್ಲಿನ ಸಂಖ್ಯೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದೇ ಹಲ್ಲನ್ನು, ಸಾಮಾನ್ಯವಾಗಿ ಕೆಳದವಡೆಯ ಎಡಗಡೆಯ ಮೊದಲ ದವಡೆ ಹಲ್ಲನ್ನು ಎಣಿಸುತ್ತಾರೆ. ಪ್ರತಿ ಪ್ರಾಣಿಗೂ ಅದು ಒಂದೇ. ಹಾಗೆ ಬಂದ ಸಂಖ್ಯೆ ಆ ಪದರದಲ್ಲಿ ಕಡಿಮೆ ಎಂದರೂ ಇಷ್ಟು ಪ್ರಾಣಿಗಳು ಇದ್ದವು ಎನ್ನುವುದು.

ಈ ಎಣಿಕೆ ಎಷ್ಟು ದೂರ ಕರೆದೊಯ್ಯಬಲ್ಲದು ಎಂದು ನೋಡಲು ಅಮೆರಿಕದ ಯೂಟಾದಲ್ಲಿರುವ ಹೋಮ್‌ಸ್ಟೆಡ್ ಗವಿಗೆ ಹೋಗಬೇಕು. ಗ್ರೇಟ್ ಸಾಲ್ಟ್ ಲೇಕಿನ ಪಶ್ಚಿಮಕ್ಕಿರುವ ಈ ಗವಿಯಲ್ಲಿ ಗೂಬೆಯ ಉಂಡೆಗಳೇ ಸೇರಿ ಸೇರಿ 18 ಪದರಗಳ ರಾಶಿಯಾಗಿದೆ. ಡೊನಾಲ್ಡ್ ಗ್ರೇಸನ್ 1998ರಲ್ಲಿ ಅದರ ಲೆಕ್ಕ ಪ್ರಕಟಿಸಿದರು. ಸುಮಾರು 8,300 ರೇಡಿಯೋಕಾರ್ಬನ್ ವರ್ಷಗಳ ಹಿಂದೆ, ಸೀಮೆ ಕಾದು ಒಣಗಿದಾಗ, ಚಿಕ್ಕ ಸಸ್ತನಿಗಳ ವೈವಿಧ್ಯ ಕುಸಿಯುತ್ತದೆ. ಸೇಜ್ ಪೊದೆಯನ್ನೇ ನಂಬಿದ ಕುಳ್ಳ ಮೊಲ, ತಂಪು ಬಯಸುವ ಪೊದೆಬಾಲದ ಇಲಿ ಇವೆಲ್ಲ ಹಿಂದೆ ಸರಿಯುತ್ತವೆ, ಕಾಂಗರೂ ಇಲಿಗಳು ಮುಂದೆ ಬರುತ್ತವೆ. ಆ ಕಾಂಗರೂ ಇಲಿಗಳಲ್ಲಿ ಒಂದು ಉಪ್ಪುಗಿಡದ ಎಲೆಯ ಹೊರಗಿನ ಉಪ್ಪು ಪದರವನ್ನು ಉಳಿಯಂಥ ಚಪ್ಪಟೆ ಬಾಚಿಹಲ್ಲಿನಿಂದ ಕೆರೆದು ಹಾಕಿ ಒಳಗಿನ ರಸವತ್ತಾದ ಭಾಗ ತಿನ್ನುತ್ತದೆ. ಯಾವ ಪ್ರಾಣಿ ಹೆಚ್ಚಿತು ಎಂಬುದರ ಜೊತೆಗೆ ಅದು ಹೇಗೆ ಬದುಕುತ್ತದೆ ಎಂಬುದೂ ಗೊತ್ತಿದ್ದಾಗ ಮಾತ್ರ ಎಣಿಕೆಯಿಂದ ಹವೆಗೆ ದಾರಿ ಸಿಗುತ್ತದೆ. ಅಲ್ಲೂ ಒಂದು ಬಲೆ ಇದೆ. ಹೆಚ್ಚು ಹಲ್ಲು ಸಿಕ್ಕ ಪದರದಲ್ಲಿ ಹೆಚ್ಚು ಜಾತಿ ಸಿಗುವುದು ಸಹಜ. ಎಲ್ಲ ಪದರಗಳನ್ನೂ ಒಂದೇ ಗಾತ್ರದ ಮಾದರಿಗೆ ಇಳಿಸಿ ಹೋಲಿಸದೆ ವೈವಿಧ್ಯ ಕುಸಿಯಿತು ಎನ್ನುವಂತಿಲ್ಲ.

ಇಲ್ಲಿ 1826 ಮತ್ತೆ ನೆನಪಾಗುತ್ತದೆ. ಆ ವರ್ಷ ಧಾರವಾಡದ ಹತ್ತಿರ ಯಾವುದೋ ಗವಿಯಲ್ಲಿ ಗೂಬೆ ಇದ್ದಿದ್ದರೆ ಅದರ ಉಂಡೆಗಳಲ್ಲಿ ಮೆಟ್ಟಾಡೆಯೇ ತುಂಬಿರುತ್ತಿತ್ತು. 5 ಸೆಂಟಿಮೀಟರ್ ಮಣ್ಣು ಮುನ್ನೂರು ವರ್ಷಗಳದ್ದಾದರೂ, ನಮ್ಮ ಚೌಕಕ್ಕೆ ಆ ಒಂದೇ ವರ್ಷದ ರಾಶಿ ಸಿಕ್ಕಿಬಿಟ್ಟರೆ ಮುನ್ನೂರು ವರ್ಷ ಬರಗಾಲ ಎಂದು ಬರೆದುಬಿಡುತ್ತೇವೆ. ಆದ್ದರಿಂದ ಒಂದು ಚೌಕದ ಒಂದು ಹಂತದಲ್ಲಿ ಕಂಡ ಏರಿಕೆಯನ್ನು ಹವೆ ಎನ್ನಬಾರದು. ಪಕ್ಕದ ಚೌಕದಲ್ಲೂ, ಮೇಲಿನ ಕೆಳಗಿನ ಹಂತಗಳಲ್ಲೂ ಅದು ಮುಂದುವರಿದಿರಬೇಕು. ಒಣ ಬಯಲಿನ ಜೆರ್ಬಿಲ್ ಅದರ ಜೊತೆ ಏರಿರಬೇಕು.

ಅದೇ ಹಲ್ಲು, ಎರಡು ಹವೆ

ಎಣಿಸಿದ ಮೇಲೆ ಲೆಕ್ಕವನ್ನು ಹವೆಗೆ ತಿರುಗಿಸುವ ದಾರಿಗಳು ಹಲವು. ಎಲ್ಲ ಜಾತಿಗಳ ಇಂದಿನ ಹವಾ ವ್ಯಾಪ್ತಿಗಳು ಒಂದರ ಮೇಲೊಂದು ಬೀಳುವ ಜಾಗ ಹುಡುಕುವುದು ಒಂದು. ಸ್ಪೇನಿನ ಮಾನುವೆಲ್ ಹೆರ್ನಾಂಡೆಸ್ ಫೆರ್ನಾಂಡೆಸ್ 2001ರಲ್ಲಿ ಕೊಟ್ಟ ಇನ್ನೊಂದು ದಾರಿಯಲ್ಲಿ, ಜಗತ್ತನ್ನು ಹತ್ತು ಹವಾ ವಲಯಗಳಾಗಿ ಹಂಚಿ, ನಾಲ್ಕು ವಲಯಗಳಲ್ಲಿ ಬದುಕುವ ಪ್ರಾಣಿ ಪ್ರತಿ ವಲಯಕ್ಕೂ ಕಾಲು ಭಾಗ ಮತ ಹಾಕುತ್ತದೆ, ಒಂದೇ ವಲಯದ್ದು ಪೂರ್ತಿ ಮತ ಹಾಕುತ್ತದೆ. ಎರಡೂ ಸೊಗಸಾದ ಲೆಕ್ಕಗಳೇ. ಆದರೆ ಎರಡೂ ಬಳಸುವುದು ಪಟ್ಟಿಯನ್ನು, ಪ್ರಮಾಣವನ್ನಲ್ಲ. ಎಲ್ಲ ಕಡೆ ಬದುಕುವ ನಮ್ಮ ದಖ್ಖನದ ಇಲಿಗಳು ಎಲ್ಲ ವಲಯಕ್ಕೂ ಚೂರುಚೂರು ಮತ ಹಂಚಿ ಏನೂ ಹೇಳದೆ ಹೋಗುತ್ತವೆ. ಇಂದು ಒಟ್ಟಿಗೆ ಇಲ್ಲದವು ಹಿಂದೆ ಒಟ್ಟಿಗೆ ಇದ್ದ ಉದಾಹರಣೆಗಳೂ ಇವೆ: ಪೆನ್ಸಿಲ್ವೇನಿಯಾದ ನ್ಯೂ ಪ್ಯಾರಿಸ್ ನಾಲ್ಕನೆಯ ಕುಳಿಯಲ್ಲಿ ಹಿಮಯುಗದ ಕೊನೆಯ ಹೊತ್ತಿಗೆ ಆರ್ಕ್ಟಿಕ್‌ನ ಲೆಮಿಂಗ್ ಮತ್ತು ಹುಲ್ಲುಗಾವಲಿನ ನೆಲ ಅಳಿಲು ಎರಡೂ ಬಿದ್ದಿವೆ. ಅವುಗಳ ಇಂದಿನ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ಕೂಡುವ ಜಾಗವೇ ಇಲ್ಲ.

ಆದರೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಕಲಿಸುವ ಪ್ರಸಂಗ ನನ್ನ ಮಟ್ಟಿಗೆ ದಕ್ಷಿಣ ಆಫ್ರಿಕಾದ್ದು. ವೆಸ್ಟರ್ನ್ ಕೇಪ್‌ನ ಕ್ಯಾಂಗೋ ಕಣಿವೆಯಲ್ಲಿ, ಸ್ವಾರ್ಟ್‌ಬರ್ಗ್ ಬೆಟ್ಟಗಳ ತಪ್ಪಲಲ್ಲಿ ಬೂಮ್‌ಪ್ಲಾಸ್ ಎಂಬ ಗವಿ ಇದೆ. ಹಿಲರಿ ಡೀಕನ್ 1974ರಿಂದ 1979ರವರೆಗೆ ಅಗೆದರು. ಚಿಕ್ಕ ಸಸ್ತನಿಗಳನ್ನು ಮಾರ್ಗರೆಟ್ ಎವರಿ ಅಭ್ಯಾಸ ಮಾಡಿ 1982ರಲ್ಲಿ ಪ್ರಕಟಿಸಿದರು. ಕೊನೆಯ ಹಿಮಯುಗದ ಪರಾಕಾಷ್ಠೆಯ ಪದರಗಳಲ್ಲಿ ಜಾತಿ ವೈವಿಧ್ಯ ಕಡಿಮೆ ಇತ್ತು. ವೈವಿಧ್ಯ ಕಡಿಮೆ ಎಂದರೆ ಬದುಕು ಕಠಿಣ, ಕಠಿಣ ಎಂದರೆ ಚಳಿ ಮತ್ತು ಬರ ಎಂಬ ಓದು ಬಹಳ ವರ್ಷ ನಿಂತಿತು. 2019ರಲ್ಲಿ ಟೈಲರ್ ಫೇತ್, ಬ್ರಯನ್ ಚೇಸ್ ಮತ್ತು ಅದೇ ಮಾರ್ಗರೆಟ್ ಎವರಿ ಸೇರಿ ಅವೇ ಹಲ್ಲುಗಳ ಲೆಕ್ಕವನ್ನು ಬೇರೆ ರೀತಿ ಓದಿದರು. ವೈವಿಧ್ಯವನ್ನು ಬದಿಗಿಟ್ಟು, ಇಂದಿನ ಗೂಬೆಗಳ ಉಂಡೆಗಳನ್ನು ಬೇರೆ ಬೇರೆ ಮಳೆಯ ಊರುಗಳಿಂದ ತಂದ ಲೆಕ್ಕದ ಪಕ್ಕದಲ್ಲಿ ಹಳೆಯ ಪದರಗಳನ್ನು ಇಟ್ಟು ನೋಡಿದರು. ಉತ್ತರ ತಿರುಗಿಬಿತ್ತು: ಹಿಮಯುಗದ ಪರಾಕಾಷ್ಠೆಯಲ್ಲಿ ತೇವ ಹೆಚ್ಚು, ಆಮೇಲೆ ಬಂದು ಇಂದಿಗೂ ನಡೆದಿರುವ ಬೆಚ್ಚನೆಯ ಹೊಲೊಸೀನ್ ಯುಗದಲ್ಲಿ ಒಣಹವೆ. ಹಲ್ಲು ಬದಲಾಗಿರಲಿಲ್ಲ. ಮೂವತ್ತೇಳು ವರ್ಷದ ಹಿಂದೆ ತಾವೇ ಎಣಿಸಿದ ಹಲ್ಲುಗಳ ಅರ್ಥ ತಲೆಕೆಳಗಾಗುವಾಗ ಆ ಪ್ರಬಂಧಕ್ಕೆ ತಮ್ಮ ಹೆಸರನ್ನೂ ಸೇರಿಸಿದ ಎವರಿ ಅವರ ಬಗ್ಗೆ ದೊಡ್ಡ ಗೌರವ ಹುಟ್ಟುತ್ತದೆ. ಅವರ ಎಣಿಕೆ ಅಷ್ಟು ಶುದ್ಧವಾಗಿ, ಪದರ ಪದರಕ್ಕೆ ಪ್ರಕಟವಾಗಿದ್ದರಿಂದಲೇ ಮರು ಓದು ಸಾಧ್ಯವಾಯಿತು.

ಹಲ್ಲಿನ ಒಳಗಿನ ಸಾಕ್ಷಿಯೂ ಇದೆ. ಜೋಳ, ಸಜ್ಜೆ, ಬೇಸಿಗೆಯ ಹುಲ್ಲುಗಳು ಒಂದು ಬಗೆಯ ಕಾರ್ಬನ್ ಗುರುತನ್ನು, ಮರ, ಪೊದೆ, ಭತ್ತ ಇನ್ನೊಂದು ಬಗೆಯದನ್ನು ತಿಂದವನ ಎನಾಮಲಿಗೆ ದಾಟಿಸುತ್ತವೆ. ಭಾರದ ಕಾರ್ಬನ್-13ರ ಪಾಲನ್ನು ಗಿಡದಲ್ಲೇ ಸಾವಿರದ ಲೆಕ್ಕದಲ್ಲಿ ಅಳೆದರೆ, ಮೊದಲನೆಯದು ಸುಮಾರು ಮೈನಸ್ 12ರಿಂದ 13, ಎರಡನೆಯದು ಸುಮಾರು ಮೈನಸ್ 27. ಇಲಿ ಹಲ್ಲಿನಷ್ಟು ಚಿಕ್ಕದರಲ್ಲೂ ಲೇಸರ್‌ನಿಂದ ಸೂಜಿಮೊನೆಯಷ್ಟು ಸುಟ್ಟು ಇದನ್ನು ಅಳೆಯಬಹುದು. ಆದರೆ ಇಲಿಯ ದವಡೆ ಹಲ್ಲು ಹುಟ್ಟಿದ ಕೆಲವೇ ವಾರಗಳಲ್ಲಿ ಕಟ್ಟುತ್ತದೆ, ಬಾಚಿಹಲ್ಲು ಒಂದೂವರೆ ತಿಂಗಳಿಗೆಲ್ಲ ಪೂರ್ತಿ ಹೊಸದಾಗುತ್ತದೆ. ಆದ್ದರಿಂದ ಒಂದು ಹಲ್ಲು ಹೇಳುವುದು ಒಂದು ಋತುವಿನ ಊಟ. ಮೇಲಿನ ಪದರಗಳಲ್ಲಿ ಬೇಸಾಯವೂ ಬೆರೆಯುತ್ತದೆ: ಜೋಳದ ತೆನೆ ಕತ್ತರಿಸಿ ತಿಂದ ಮೆಟ್ಟಾಡೆಯ ಹಲ್ಲು ಒಣ ಹುಲ್ಲುಗಾವಲಿನ ಇಲಿಯ ಹಲ್ಲಿನಂತೆಯೇ ಕಾಣುತ್ತದೆ.

ನಮ್ಮಲ್ಲಿ ಬೇಕಾದದ್ದು

ಬೂಮ್‌ಪ್ಲಾಸ್‌ನ ಉತ್ತರವನ್ನು ತಿರುಗಿಸಿದ್ದು ಯಂತ್ರವಲ್ಲ, ಮಳೆ ಗೊತ್ತಿರುವ ಊರುಗಳ ಗೂಬೆ ಉಂಡೆಗಳ ರಾಶಿ. ಅಂಥ ರಾಶಿ ಕಟ್ಟಲು ಕರ್ನಾಟಕದಷ್ಟು ಒಳ್ಳೆಯ ಜಾಗ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರುವ ಮಳೆ ಬಳ್ಳಾರಿ ತಲುಪುವಷ್ಟರಲ್ಲಿ ಸುಮಾರು 500ಕ್ಕೆ ಇಳಿಯುತ್ತದೆ. ದಾರಿಯಲ್ಲಿ ಘಟ್ಟದ ಕಾಡಿನ ಮುಳ್ಳುಗೂದಲ ಮರ ಇಲಿ, ಮಲೆನಾಡಿನ ಅಂಚಿನ ಗದ್ದೆ, ಧಾರವಾಡದ ಎರೆ, ಬಳ್ಳಾರಿಯ ಕಲ್ಲುಗುಡ್ಡ ಎಲ್ಲ ಸಿಗುತ್ತವೆ. ಪಾಳು ಗುಡಿಯ ಗೋಪುರ, ಹಳೆಯ ಬಾವಿಯ ಗೂಡು, ಕೋಟೆಯ ಬುರುಜು, ಎಲ್ಲೆಲ್ಲೂ ಕಣಜ ಗೂಬೆ ಇದೆ. ಒಂದೇ ಗೂಡಿನಿಂದ ತಿಂಗಳಿಗೊಮ್ಮೆ, ಹಳೆಯದನ್ನು ಗುಡಿಸಿ ಹೊಸದನ್ನು ಮಾತ್ರ ಎತ್ತಿ, ಒಂದು ಉಂಡೆಗೆ ಒಂದು ಕಾಗದದ ಚೀಲದಂತೆ, ತಾರೀಕು ಮತ್ತು ಜಾಗ ಬರೆದು ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ನುಸಿ ಕೂದಲು ತಿಂದು ಉಂಡೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಮುಂಗಾರಿನ ಮೊದಲ ಮಳೆಯ ಹಿಂದಿನ ತಿಂಗಳು ಮತ್ತು ಮುಂದಿನ ತಿಂಗಳು ತಪ್ಪಬಾರದು, ಮೆಟ್ಟಾಡೆಯ ಲೆಕ್ಕ ಬದಲಾಗುವುದು ಆಗಲೇ. ಉಗುರುಬೆಚ್ಚಗಿನ ನೀರಿನ ಬಟ್ಟಲಿಗೆ ಉಂಡೆ ಬಿಟ್ಟರೆ ಹತ್ತು ನಿಮಿಷದಲ್ಲಿ ಕೂದಲು ಸಡಿಲವಾಗಿ ತೇಲುತ್ತದೆ, ತಳದಲ್ಲಿ ಮೂರು ನಾಲ್ಕು ತಲೆಬುರುಡೆ, ಜೋಡಿ ಜೋಡಿ ದವಡೆ ಉಳಿಯುತ್ತವೆ. ಎಡಗಡೆಯ ಕೆಳದವಡೆಗಳನ್ನು ಬೇರೆ ಇಟ್ಟು, ಮೊದಲ ಹಲ್ಲಿನಿಂದ ಎಣಿಸಲು ಶುರುಮಾಡಬಹುದು.